ಸೋಮವಾರ ಈ ಕಾರು ಎಲ್ಲಿಗೆ ಹೋಗಬೇಕು?

ಬೆಳಗಿನ ಐದೂ ಮುಕ್ಕಾಲು. ಊರಾಚೆಯ ಹಳೆಯ ವಿಮಾನಪಟ್ಟಿಯ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ಸಿಮೆಂಟಿನ ಬಿರುಕುಗಳಲ್ಲಿ ಎದ್ದ ಹುಲ್ಲು ಒದ್ದೆಯಾಗಿದೆ. ಐವತ್ತೆರಡರ ಮಹಿಳೆಯೊಬ್ಬರು ಮಂಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಬಿಳಿ ಕಾರಿನ ಮುಂದಿನ ಚಕ್ರದಿಂದ ಗಾಳಿ ಬಿಡುತ್ತಿದ್ದಾರೆ. ಸ್ವಲ್ಪ ಬಿಡುತ್ತಾರೆ, ಮಾಪಕ ನೋಡುತ್ತಾರೆ, ಮತ್ತೆ ಸ್ವಲ್ಪ. ಮೂವತ್ತಮೂರಿದ್ದ ಮುಳ್ಳು ಇಪ್ಪತ್ತಾರಕ್ಕೆ ಬಂದಾಗ ನಿಲ್ಲಿಸುತ್ತಾರೆ. ಟೈರು ಮೆತ್ತಗಾದಷ್ಟೂ ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ. ಹೊರಡುವಾಗ ಚಕ್ರ ಸುಮ್ಮನೆ ತಿರುಗಿ ಸಮಯ ಕಳೆಯುವುದಿಲ್ಲ. ಕೆಲಸ ಮುಗಿಸಿ ಎದ್ದವರು ಅಭ್ಯಾಸದಂತೆ ಹಿಂದಿನ ಬಾಗಿಲು ತೆರೆದು ನೋಡುತ್ತಾರೆ.

"ಸೀಟೆಲ್ಲೋ?"

"ಮನೇಲಿದೆ ಅಕ್ಕ. ತೂಕ ಕಮ್ಮಿ ಆಗ್ಲಿ ಅಂತ ಬಿಚ್ಚಿದೆ."

ಹೀಗೆ ಹೇಳಿದವನು ಅವರ ಒಡಹುಟ್ಟಿದ ತಮ್ಮ. ವಯಸ್ಸು ಮೂವತ್ತೊಂಬತ್ತು. ಅಕ್ಕ ಹಿಂದಕ್ಕೆ ಹೋಗಿ ಡಿಕ್ಕಿ ಎತ್ತುತ್ತಾರೆ. ಒಳಗೆ ಸಣ್ಣ ಬೀರುವಿನಷ್ಟು ಗಾತ್ರದ ಸ್ಪೀಕರ್ ಪೆಟ್ಟಿಗೆ ಕೂತಿದೆ.

"ಹದಿನಾಲ್ಕು ಕಿಲೋ ಸೀಟು ಇಳಿಸಿ, ಇಪ್ಪತ್ತೆರಡು ಕಿಲೋ ಹಾಡು ಹೊತ್ಕೊಂಡು ಬಂದಿದೀಯಲ್ಲೋ!"

"ಅದಕ್ಕೆ ವೈರು ಜಾಸ್ತಿ ಅಕ್ಕ, ಕಳಚೋದು ಕಷ್ಟ."

ಪೆಟ್ಟಿಗೆಯನ್ನು ಅವರೇ ಕಳಚಿ ಹುಲ್ಲಿನ ಮೇಲಿಡುತ್ತಾರೆ. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸೀಟಿದ್ದ ಜಾಗದ ತಗಡಿನಲ್ಲಿ ಎರಡು ಹೊಸ ಬೋಲ್ಟುಗಳು ಹೊಳೆಯುತ್ತಿವೆ. ಅವು ಸೀಟಿನವಲ್ಲ, ಇನ್ನೇನನ್ನೋ ಬಿಗಿಯಲು ಮಾಡಿಟ್ಟ ಜಾಗ. ಅಕ್ಕ ಬೋಲ್ಟುಗಳನ್ನು ನೋಡುತ್ತಾರೆ, ತಮ್ಮನನ್ನು ನೋಡುತ್ತಾರೆ, ಬಾಗಿಲು ಹಾಕುತ್ತಾರೆ. ಅವರನ್ನು ಬಲ್ಲವರಿಗೆ ಅವರ ಬೈಗುಳದ ಭಯವಿಲ್ಲ, ಭಯವಿರುವುದು ಈ ಸುಮ್ಮನಿರುವಿಕೆಗೆ.

ತಿಂಗಳಿಗೆ ಎರಡು ಭಾನುವಾರ ಈ ಪಟ್ಟಿಯ ಮೇಲೆ ಡ್ರ್ಯಾಗ್ ರೇಸ್ ನಡೆಯುತ್ತದೆ. ತಿರುವಿಲ್ಲ, ಸುತ್ತಿಲ್ಲ, ನೇರ ನಾನೂರು ಮೀಟರು, ಪಕ್ಕಪಕ್ಕ ಎರಡು ಕಾರು, ಹಸಿರು ದೀಪ. ಇಲ್ಲಿಗೆ ಬರುವವೆಲ್ಲ ದಿನನಿತ್ಯ ರಸ್ತೆಯಲ್ಲಿ ಓಡುವ ಸಾಧಾರಣ ಕಾರುಗಳು. ಗೆದ್ದವರ ಚಿತ್ರ ಎಲ್ಲರ ಫೋನಿನಲ್ಲೂ ಇರುತ್ತದೆ. ಆ ಕಾರುಗಳನ್ನು ಸಜ್ಜು ಮಾಡುವ ಈ ಮೆಕ್ಯಾನಿಕ್ ಅಕ್ಕನ ಒಂದು ಚಿತ್ರವೂ ಯಾರ ಬಳಿಯೂ ಇಲ್ಲ. ಇದ್ದರೂ ಅದರಲ್ಲಿ ಬಾನೆಟ್ಟಿನಿಂದ ಹೊರಗುಳಿದ ಬೆನ್ನು ಮಾತ್ರ ಕಂಡೀತು.

ಎಲ್ಲರೂ ಅವರನ್ನು ಕರೆಯುವುದು 'ಆಮೇಲಕ್ಕ' ಎಂದು. ಎಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಹಾಕಿಕೊಡಿ ಎಂದು ಬಂದವನಿಗೆ "ಅದು ಆಮೇಲೆ, ಮೊದಲು ಬ್ರೇಕ್ ತೋರ್ಸು" ಅನ್ನುತ್ತಾರೆ. ದೊಡ್ಡ ಸೈಲೆನ್ಸರ್ ಬೇಕೆಂದವನಿಗೆ "ಅದು ಆಮೇಲೆ, ಟೈರು ಯಾವ ಕಾಲದ್ದು?" ಇಪ್ಪತ್ತೆರಡು ವರ್ಷಗಳಿಂದ ಇದೇ ಮಾತು. ವಾರಕ್ಕೆ ಒಂಬತ್ತೋ ಹತ್ತೋ ಜನ ಗ್ಯಾರೇಜಿನ ಬಾಗಿಲಿಗೆ ಬರುತ್ತಾರೆ. ಆರು ಜನ ಮುಖ ಊದಿಸಿಕೊಂಡು ವಾಪಸು ಹೋಗುತ್ತಾರೆ.

"ವಿಡಿಯೋ ನೋಡ್ಕೊಂಡು ಬರ್ತಾರೆ. ಐನೂರು ಕುದುರೆಶಕ್ತಿ ಬೇಕಂತೆ" ಎಂದು ಅವರು ಕೈ ಒರೆಸಿಕೊಳ್ಳುತ್ತಾರೆ. "ಏರ್ ಫಿಲ್ಟರ್ ತೆಗೆದು ನೋಡಿದ್ರೆ ಒಳಗೆ ಗುಬ್ಬಚ್ಚಿ ಗೂಡು ಕಟ್ಬೇಕು, ಅಷ್ಟು ಕಸ. ಇರೋ ತೊಂಬತ್ತು ಕುದುರೆಗೆ ಹುಲ್ಲು ಹಾಕಿಲ್ಲ, ಐನೂರನ್ನ ಎಲ್ಲಿ ಕಟ್ತೀಯಪ್ಪಾ ಅಂತ ಕೇಳ್ತೀನಿ. ಕಾರಿಗೆ ಹೇಳಿದ್ರೆ ಅರ್ಥ ಆಗುತ್ತೆ. ಕಾರಿನೋರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದು ಹೋಯ್ತು."

ಉಳಿಯುವ ಮೂರ್ನಾಲ್ಕು ಜನಕ್ಕೂ ಕೂಡಲೇ ಸ್ಪ್ಯಾನರ್ ಎತ್ತುವುದಿಲ್ಲ. ಕಾರು ಹೇಗಿದೆಯೋ ಹಾಗೇ ಪಟ್ಟಿಯ ಮೇಲೆ ಆರು ಸಲ ಓಡಿಸಿ ಬರಬೇಕು. ಬಾನೆಟ್ ಮುಟ್ಟುವಂತಿಲ್ಲ. ಆರನೆಯ ಓಟದ ಹೊತ್ತಿಗೆ ಹೆಚ್ಚಿನವರ ಸಮಯ ಅರ್ಧ ಸೆಕೆಂಡ್ ಇಳಿದಿರುತ್ತದೆ. ಕಾರು ಬದಲಾಗಿಲ್ಲ, ಕ್ಲಚ್ ಬಿಡುವ ಕಾಲು ಕಲಿತಿದೆ, ಅಷ್ಟೆ. "ಪುಕ್ಕಟೆ ಸಿಕ್ಕ ಅರ್ಧ ಸೆಕೆಂಡ್. ಇದನ್ನ ಯಾರೂ ವಿಡಿಯೋ ಮಾಡಲ್ಲ ನೋಡಿ."

ಆಮೇಲೆ ಗ್ಯಾರೇಜಿನ ಒಳಬಾಗಿಲು. ಸುಣ್ಣದಂಥ ಬಿಳಿ ಬಣ್ಣ ಬಳಿದ ಆ ಮರದ ಬಾಗಿಲಿನ ಮೇಲೆ ಸೀಸದಕಡ್ಡಿಯಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದಾರೆ. ಮೊದಲನೆಯದರಲ್ಲಿ ಇವತ್ತಿನ ಸಮಯ. ಎರಡನೆಯದರಲ್ಲಿ ಬೇಕಾದ ಸಮಯ. ಎರಡರ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಅವರೇ ಅಳಿಸಿಬಿಡುತ್ತಾರೆ. ಮೂರನೆಯ ಕಾಲಂಗೆ ಹೆಸರು 'ಸೋಮವಾರ'.

"ಸೋಮವಾರ ಈ ಕಾರು ಎಲ್ಲಿಗೆ ಹೋಗ್ಬೇಕು ಅಂತ ಕೇಳ್ತೀನಿ. ಇದು ರೇಸಿನ ಕಾರಲ್ಲ, ಮನೆ ಕಾರು. ಮಗೂನ ಶಾಲೆಗೆ ಬಿಡ್ಬೇಕಾ, ಅಂಗಡಿಗೆ ಸಾಮಾನು ತರ್ಬೇಕಾ, ಬರಿ ಅಂತೀನಿ. ಹದಿಮೂರು ಸೆಕೆಂಡು ಅಂತ ಪಟಪಟ ಬರೆದ ಕೈ ಅಲ್ಲಿ ನಿಂತ್ಬಿಡುತ್ತೆ."

ಆ ನಿಂತ ಕೈಯನ್ನು ಅವರು ಅವಸರಪಡಿಸುವುದಿಲ್ಲ. ಕೆಲವರು ಹತ್ತು ನಿಮಿಷ ಬಾಗಿಲ ಮುಂದೆ ನಿಂತಿರುವುದುಂಟು. ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು, ತಾವೂ ಕೇಳಿಕೊಂಡಿರುವುದಿಲ್ಲ.

ಈ ಪ್ರಶ್ನೆ ಅವರಿಗೆ ಹೊಳೆದದ್ದು ಅವರ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ. ಗ್ಯಾರೇಜು ಆಗ ಅಪ್ಪನದು. ಮನೆಗೆಲ್ಲ ಇದ್ದುದು ಒಂದೇ ಕಾರು. ಹದಿನಾಲ್ಕು ಸೆಕೆಂಡು ಮುಟ್ಟುತ್ತೇನೆಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದ ಮಗಳು, ಅಪ್ಪ ಊರಲ್ಲಿಲ್ಲದ ವಾರ ನೋಡಿ ಎಂಜಿನ್ನಿಗೆ ಟರ್ಬೊ ಕೂರಿಸಿದಳು. ಮೂರನೆಯ ಓಟದಲ್ಲಿ ಕನೆಕ್ಟಿಂಗ್ ರಾಡ್ ತುಂಡಾಗಿ ಎಂಜಿನ್ನಿನ ಗೋಡೆ ಸೀಳಿ ಹೊರಬಂತು. ಪಿಸ್ಟನ್ನನ್ನು ಹಿಡಿದಿರುವ ಉಕ್ಕಿನ ತೋಳು ಅದು. ಅಪ್ಪ ಬಂದು ನೋಡಿದರು. ಪೊರಕೆ ತಂದರು, ಮರದ ಪುಡಿ ಚೆಲ್ಲಿದರು, ನೆಲದ ಎಣ್ಣೆಯನ್ನೆಲ್ಲ ಗುಡಿಸಿ ಹಾಕಿದರು. ಹನ್ನೊಂದು ತಿಂಗಳು ಮನೆಯವರೆಲ್ಲ ಬಸ್ಸಿನಲ್ಲಿ ಓಡಾಡಿದರು. ಅಪ್ಪ ಆ ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಸಾಯುವವರೆಗೂ ಆಡಲಿಲ್ಲ.

"ಬೈದಿದ್ರೆ ಮರೆತು ಹೋಗ್ತಿತ್ತೇನೋ" ಎನ್ನುತ್ತಾರೆ ಆಮೇಲಕ್ಕ. ಮುರಿದ ಆ ರಾಡ್ ಈಗಲೂ ಮೇಜಿನ ಮೇಲಿದೆ. ಗಿರಾಕಿಗಳು ಅದಕ್ಕೆ ಚಹಾ ಲೋಟ ಒರಗಿಸಿ ಇಡುತ್ತಾರೆ.

ತಮ್ಮನ ಕಥೆಗೆ ಬರೋಣ. ಅವನ ಬಿಳಿ ಕಾರು ಅನ್ನ ಹಾಕುವ ಕಾರು. ದಿನಾ ಬೆಳಿಗ್ಗೆ ಆರೂವರೆಗೆ ಹೊರಟು ಏಳು ಕ್ಲಿನಿಕ್‌ಗಳಿಂದ ರಕ್ತದ ಮಾದರಿಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ತುಂಬಿಕೊಂಡು ಒಂಬತ್ತರೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಎರಡು ತಿಂಗಳ ಹಿಂದೆ ಕಾರು ಕೆಟ್ಟು ಎರಡು ಸಲ ತಡವಾಗಿದೆ. ಮೂರನೆಯ ಸಲ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪ್ರಯೋಗಾಲಯದವರು ಹೇಳಿಯಾಗಿದೆ. ಇಷ್ಟೆಲ್ಲ ಗೊತ್ತಿದ್ದೂ ಅವನು ಬಾಗಿಲ ಮೇಲೆ ಬರೆದದ್ದು 'ಹದಿಮೂರು'. ಆರು ಓಟದ ಕೊನೆಗೆ ಅವನ ಸಮಯ ಹದಿನೇಳು ಪಾಯಿಂಟ್ ಒಂಬತ್ತು.

"ಹತ್ತಿರ ಹತ್ತಿರ ಐದು ಸೆಕೆಂಡ್ ಏನು ಅಂಗಡೀಲಿ ಸಿಗುತ್ತೇನೋ?" ಎಂದು ಅಕ್ಕ ಹಣೆ ಚಚ್ಚಿಕೊಂಡರು. "ಎಂಜಿನ್ನಿಗೆ ಬಲ ತುಂಬ್ತೀನಿ, ಕ್ಲಚ್ ಸುಡುತ್ತೆ. ಕ್ಲಚ್ ಗಟ್ಟಿ ಮಾಡ್ತೀನಿ, ಗೇರ್‌ಬಾಕ್ಸ್ ಒಡೆಯುತ್ತೆ. ಅದನ್ನೂ ಮಾಡ್ತೀನಿ, ಆಕ್ಸಲ್ ಮುರಿಯುತ್ತೆ. ಕೊನೆಗೆ ಗಟ್ಟಿಯಾಗಿ ಉಳಿಯೋದು ನಿನ್ನ ಹಟ ಒಂದೇ."

ಹದಿಮೂರನ್ನು ಅಳಿಸಿ ಹದಿನೇಳು ಬರೆದರು. ಹೊಸ ಪ್ಲಗ್ಗು, ಹೊಸ ಫಿಲ್ಟರು, ಒಳ್ಳೆಯ ಟೈರು, ಕಾಲಿನ ಅಭ್ಯಾಸ. ಸೋಮವಾರದ ಕಾಲಂನಲ್ಲಿ ತಮ್ಮನ ಕೈಯಿಂದಲೇ ಬರೆಸಿದರು: 'ಏಳು ಕ್ಲಿನಿಕ್'.

ಇವತ್ತು, ಈ ಭಾನುವಾರ, ಎಂಟೂವರೆಗೆ ಪಟ್ಟಿಗೆ ಸ್ಕೂಟರಿನಲ್ಲಿ ತಮ್ಮನ ಹೆಂಡತಿ ಬರುತ್ತಾಳೆ. ಅವಳದು ಬೇರೆಯೇ ವರದಿ. "ಸೀಟು ನಮ್ಮ ಹಾಲ್‌ನಲ್ಲಿದೆ ಅತ್ತಿಗೆ. ಮಗಳು ಅದರ ಮೇಲೆ ಕೂತು ಟಿವಿ ನೋಡ್ತಿದಾಳೆ. ಮೂರು ವರ್ಷದಿಂದ ಸೋಫಾ ತನ್ನಿ ಅಂತ ಗೋಗರೆದೆ, ಈಗ ತಾನಾಗೇ ಬಂತು."

ಮೊದಲ ಓಟ ಹದಿನೇಳು ಪಾಯಿಂಟ್ ಆರು. "ಕಾಲಿಗೇನೋ ಅವಸರ? ಚಕ್ರ ಕಿರುಚಿದ್ರೆ ಜನಕ್ಕೆ ಖುಷಿ, ಗಡಿಯಾರಕ್ಕಲ್ಲ" ಎಂದು ಅಕ್ಕ ಕಿಟಕಿಗೆ ಬಗ್ಗಿ ಹೇಳುತ್ತಾರೆ. ಎರಡನೆಯದು ಪಾಯಿಂಟ್ ಮೂರು. ನಾಲ್ಕನೆಯದು ಪಾಯಿಂಟ್ ಒಂದು. ಅಲ್ಲಿಗೆ ನಿಂತುಬಿಡುತ್ತದೆ, ಐದನೆಯದೂ ಪಾಯಿಂಟ್ ಒಂದೇ. ತಮ್ಮನ ಮುಖ ಬಾಡುತ್ತದೆ. ಆಚೆ ಸಾಲಿನಲ್ಲಿ ಅವನ ಗೆಳೆಯನೊಬ್ಬ ಹದಿನೈದರಲ್ಲಿ ಓಡಿ ಬಂದು ಬೆನ್ನು ತಟ್ಟಿಸಿಕೊಳ್ಳುತ್ತಿದ್ದಾನೆ.

ಅಕ್ಕ ಇನ್ನೊಬ್ಬ ಗಿರಾಕಿ, ಬೇಕರಿಯವನ ನೀಲಿ ಕಾರಿಗೆ ಬಗ್ಗಿರುವಾಗ, ಕೆಟ್ಟ ಕಾರುಗಳನ್ನು ಎಳೆದೊಯ್ಯುವ ಲಾರಿಯವನು ಬಂದು ಪಕ್ಕದಲ್ಲಿ ಕೆಮ್ಮುತ್ತಾನೆ. ಅವನು ಪ್ರತಿ ರೇಸಿಗೂ ಬಂದು, ಲಾರಿ ನಿಲ್ಲಿಸಿ, ಪೇಪರ್ ಓದುತ್ತ ಕಾಯುವವನು.

"ಅಕ್ಕ, ಹೇಳಿದ್ರೆ ನನ್ನ ಹೊಟ್ಟೆ ಮೇಲೇ ನಾನು ಹೊಡ್ಕೊಂಡಂಗೆ. ಆದ್ರೂ ಹೇಳ್ತೀನಿ. ನಿಮ್ಮ ತಮ್ಮನ ಕಾರಿಗೆ ಬಾಟ್ಲಿ ಹೋಯ್ತು."

ಎರಡು ಬೋಲ್ಟುಗಳ ಅರ್ಥ ಅದು. ನೈಟ್ರಸ್ ಅನಿಲದ ಬಾಟಲಿ. ಗುಂಡಿ ಒತ್ತಿದರೆ ಎಂಜಿನ್ನಿಗೆ ಕೆಲವು ಕ್ಷಣ ದೆವ್ವದ ಬಲ ಬರುತ್ತದೆ. ಅದನ್ನು ತಾಳುವಂತೆ ಸಜ್ಜಾಗದ ಎಂಜಿನ್ ಸುಟ್ಟುಹೋಗುತ್ತದೆ. ಪೈಪನ್ನು ಆ ಹದಿನೈದರ ಗೆಳೆಯ ಹಿಂದಿನ ದಿನವೇ ಎಳೆದಿಟ್ಟಿದ್ದ, ಬಾಟಲಿಯನ್ನು ಈಗ ತಂದು ಬಿಗಿದಿದ್ದಾನೆ. ತಮ್ಮ ಆರನೆಯ ಓಟಕ್ಕೆ ಸಾಲಿನಲ್ಲಿ ನಿಂತಿದ್ದಾನೆ. ಅವನ ಮುಂದೆ ಎರಡೇ ಕಾರು.

ಅಕ್ಕ ಓಡುವುದಿಲ್ಲ. ಕೈ ಒರೆಸಿಕೊಳ್ಳುತ್ತ ನಡೆದು ಹೋಗಿ ಕಿಟಕಿಯ ಪಕ್ಕ ನಿಲ್ಲುತ್ತಾರೆ. ಹೆಲ್ಮೆಟ್ಟಿನೊಳಗಿನ ಕಣ್ಣು ಮುಂದಿನ ದೀಪವನ್ನೇ ನೋಡುತ್ತಿದೆ.

"ನಾಳೆ ಮೊದಲ ಕ್ಲಿನಿಕ್ ಎಷ್ಟು ಗಂಟೆಗೋ?"

ಮುಂದಿನ ಕಾರು ಹೊರಡುತ್ತದೆ. ಹೊಗೆ ಬಂದು ಇಬ್ಬರನ್ನೂ ಮುಚ್ಚಿ ಸರಿದುಹೋಗುತ್ತದೆ. ಅಕ್ಕ ಮತ್ತೆ ಕೇಳುವುದಿಲ್ಲ, ಬಾಟಲಿಯ ಕಡೆ ತಿರುಗಿಯೂ ನೋಡುವುದಿಲ್ಲ, ಕಿಟಕಿಯ ಅಂಚಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ಅವರ ಅಪ್ಪ ಪೊರಕೆ ಹಿಡಿದು ಹೀಗೇ ನಿಂತಿದ್ದರೇನೋ. ಇನ್ನೊಂದು ಕಾರು ಹೊರಡುತ್ತದೆ.

"ಆರೂ ಮುಕ್ಕಾಲಿಗೆ" ಎನ್ನುತ್ತಾನೆ ತಮ್ಮ. ಬೆಲ್ಟ್ ಸಡಿಲಿಸಿ, ಹಿಂದಕ್ಕೆ ಬಾಗಿ, ಬಾಟಲಿಯ ಬಾಯಿ ತಿರುಗಿಸಿ ಮುಚ್ಚುತ್ತಾನೆ. ಮತ್ತೆ ಬೆಲ್ಟ್ ಬಿಗಿದುಕೊಳ್ಳುತ್ತಾನೆ. "ಈ ಬಾಟ್ಲಿ ಎಷ್ಟು ಕಿಲೋ ಅಕ್ಕ?"

"ಆರು. ಈಗ ಅದನ್ನೂ ಹೊತ್ಕೊಂಡು ಓಡು, ಕತ್ತೆ."

ಹಸಿರು ದೀಪ. ಚಕ್ರ ಕಿರುಚದೆ ಕಾರು ಹೊರಡುತ್ತದೆ. ನಾನೂರು ಮೀಟರಿನ ಕೊನೆಗೆ ಫಲಕದ ಮೇಲೆ ಅಂಕಿ ಮೂಡುತ್ತದೆ: 17.03.

ವಾಪಸು ಬಂದವನು ಹೆಲ್ಮೆಟ್ ಕಿತ್ತು ಬಾನೆಟ್ ಮೇಲೆ ಕುಕ್ಕುತ್ತಾನೆ. "ಬಾಟ್ಲಿ ಇಲ್ದಿದ್ರೆ ಬರ್ತಿತ್ತು! ಹದಿನೇಳು ಅಂತ್ಲೇ ಬರ್ಕೊಳ್ಳೇ ಅಕ್ಕ, ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ. ಹದಿನೇಳು ಪಾಯಿಂಟ್ ಸೊನ್ನೆ ಮೂರು."

ಸಂಜೆ ನಾಲ್ಕಕ್ಕೆ ಎಲ್ಲರೂ ಹೊರಡುವಾಗ ಆಮೇಲಕ್ಕನ ಕೊನೆಯ ಕೆಲಸ ಶುರುವಾಗುತ್ತದೆ. ತಾವು ಬೆಳಿಗ್ಗೆ ಗಾಳಿ ಬಿಟ್ಟ ಚಕ್ರಗಳಿಗೆಲ್ಲ ಕಾಲಿನ ಪಂಪಿನಿಂದ ಮತ್ತೆ ಗಾಳಿ ತುಂಬುವುದು. ಮೆತ್ತಗಿನ ಟೈರಿನಲ್ಲಿ ರಸ್ತೆಗೆ ಬಿಡುವಂತಿಲ್ಲ. ಎಂಟು ಕಾರು, ಹದಿನಾರು ಚಕ್ರ, ಒಂದೊಂದಕ್ಕೂ ಅರವತ್ತು ಸಲ ತುಳಿಯಬೇಕು. ಇವತ್ತು ತುಳಿಯಬೇಕಾದದ್ದು ಏಳೇ ಕಾರಿಗೆ. ಬೇಕರಿಯವನು ಎಂಟು ಓಟ ಸಾಕು ಎಂದರೂ ಕೇಳದೆ ಒಂಬತ್ತನೆಯದಕ್ಕೆ ಹೋಗಿ ಕ್ಲಚ್ ಸುಟ್ಟುಕೊಂಡಿದ್ದಾನೆ. ನೀಲಿ ಕಾರು ಲಾರಿಯ ಮೇಲೇರುವುದನ್ನು ಅಕ್ಕ ಪಂಪಿನ ಮೇಲೆ ಕಾಲಿಟ್ಟುಕೊಂಡೇ ನೋಡುತ್ತಾರೆ.

"ಎಂಟು ಅಂದೆ. ಇವರ ಬುದ್ಧಿ ಗೊತ್ತಿದ್ದೂ ಏಳು ಅನ್ನಲಿಲ್ಲ ನೋಡಿ, ನನ್ನದೇ ತಪ್ಪು. ನಾಳೆ ಬೆಳಿಗ್ಗೆ ಅವನ ಬ್ರೆಡ್ ಯಾರು ಹೊರ್ತಾರೆ?"

"ಒಂದಾದ್ರೂ ಇರ್ಲಿ ಬಿಡಿ ಅಕ್ಕ" ಎನ್ನುತ್ತಾನೆ ಲಾರಿಯವನು. "ನಂಗೂ ಮನೆ ಮಠ ಇದೆ."

ಇಪ್ಪತ್ತೆರಡು ವರ್ಷಗಳಲ್ಲಿ ಆ ಲಾರಿ ಒಂದು ಭಾನುವಾರವೂ ಖಾಲಿ ಹೋಗಿಲ್ಲ. "ಒಂದೇ ಒಂದು ಸಲ ಈಯಪ್ಪ ಬರೀ ಪೇಪರ್ ಓದಿ ಎದ್ದು ಹೋಗ್ಬೇಕು. ಅಷ್ಟೇ ನನ್ನ ಆಸೆ. ಅವತ್ತು ಇವನ ಚಹಾ ತಿಂಡಿ ಎಲ್ಲಾ ನಂದು" ಎನ್ನುತ್ತಾರೆ ಅಕ್ಕ.

ಸೋಮವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಗ್ಯಾರೇಜಿನ ಮುಂದೆ ಬಿಳಿ ಕಾರು ನಿಲ್ಲುತ್ತದೆ. ಮಾದರಿಗಳು ಆಗಲೇ ಪ್ರಯೋಗಾಲಯ ಮುಟ್ಟಿವೆ. ಖಾಲಿಯಾದ ತಣ್ಣನೆಯ ಪೆಟ್ಟಿಗೆ ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ದೊಡ್ಡ ಮನುಷ್ಯರಂತೆ ಕೂತಿದೆ. ಅಕ್ಕ ಬೇಕರಿಯವನ ಕಾರಿನ ಕೆಳಗಿನಿಂದ ಜಾರಿ ಹೊರಬಂದು, ಒಳಬಾಗಿಲಿನ ಮೂರನೆಯ ಕಾಲಂನಲ್ಲಿ 'ಏಳು ಕ್ಲಿನಿಕ್' ಪಕ್ಕ ಒಂದು ಗೀಟು ಹಾಕುತ್ತಾರೆ.

ತಮ್ಮ ಕಿಟಕಿಯಿಂದ ತಲೆ ಹೊರಹಾಕುತ್ತಾನೆ. "ಅಕ್ಕ, ಆ ಸೊನ್ನೆ ಮೂರು ಇಳಿಸೋಕೆ ಏನು ಮಾಡೋಣ?"

"ಮೊದಲು ಹೋಗಿ ಹಾಲ್‌ನಲ್ಲಿರೋ ಸೀಟು ತಂದು ಹಾಕು" ಎನ್ನುತ್ತಾರೆ ಅವರು, ಮತ್ತೆ ನೀಲಿ ಕಾರಿನ ಕೆಳಗೆ ಸರಿಯುತ್ತ. "ಅದು ಆಮೇಲೆ."