ಮುರಿದ ಸೂಜಿಯ ಮೊನೆ

ರಾಯದುರ್ಗದ ನಮ್ಮ ಜೀನ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಮಿಷನ್ನಿಗೆ ಕೂರುವವರು ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಬರುವ ಹಾಗಿಲ್ಲ. ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ ಪೆಡಲು ತುಳಿಯಬೇಕು. ಇದು ಕಂಪನಿಯ ರೂಲೋ, ಮಿಷನ್ನಿಗೆ ಕೊಡುವ ಮರ್ಯಾದೆಯೋ, ಯಾರೂ ಕೇಳಿದ್ದಿಲ್ಲ. ಚಪ್ಪಲಿ ಹಾಕಿಕೊಂಡು ಓಡಾಡುವವರು ಇನ್‌ಚಾರ್ಜ್‌ಗಳು ಮತ್ತು ಅವರ ಮೇಲಿನವರು ಮಾತ್ರ. ಬಿ.ಕಾಂ. ಮುಗಿಸಿ ಟ್ರೈನಿಯಾಗಿ ಸೇರಿದ ದಿನ ನನಗೆ ಇದೆಲ್ಲ ಎಲ್ಲಿ ಗೊತ್ತಿತ್ತು? ಹೊಸ ಚಪ್ಪಲಿಯಲ್ಲಿ ಟಕಟಕ ಅಂತ ಒಳಗೆ ನಡೆದೆ. "ಯಾಕ್ರಿ ಮೇಡಂ, ಬಂದ ದಿನಾನ ಇನ್‌ಚಾರ್ಜ್ ಆಗಿಬಿಟ್ರಿ?" ಅಂತ ಒಬ್ಬ ಹೆಂಗಸು ಕೂಗಿದ್ದೇ ತಡ, ಸಾಲಾಗಿ ಮಿಷನ್ನಿಗೆ ಕೂತಿದ್ದ ಇಡೀ ಲೈನು ಹೋ ಅಂತ ನಕ್ಕಿತು.

ನಾನು ಅಗಳಿ ಊರಿನ ಕಡೆಯವಳು. "ಪ್ಯಾಂಟು ಹೊಲಿಯಾಕೆ ಡಿಗ್ರಿ ಓದ್ಬೇಕಾಗಿತ್ತೇನೇ?" ಅಂತ ಅಮ್ಮ ಹೊರಡುವಾಗಲೇ ಅಂದಿದ್ದಳು. ಹೊಲಿಯೋದಲ್ಲಮ್ಮ, ಹೊಲಿಸೋದು ಅಂತ ರೇಗಿದ್ದೆ. ಆ ರೇಗಾಟದ ಮೇಲೆಯೇ ಇಷ್ಟು ವರ್ಷ ಒಂದೇ ಕಂಪನಿಯಲ್ಲಿ ನಿಂತೆ ಅನ್ನಿಸುತ್ತದೆ. ಟ್ರೈನಿಯಿಂದ ಚೆಕಿಂಗ್, ಚೆಕಿಂಗ್‌ನಿಂದ ಸೂಪರ್‌ವೈಸರ್, ಆಮೇಲೆ ಒಂದು ಲೈನಿಗೇ ಇನ್‌ಚಾರ್ಜ್. ಆ ದಿನ ಚಪ್ಪಲಿ ಹಾಕಿಕೊಂಡೇ ಬಾಗಿಲು ದಾಟಿದೆ. ಮೊದಲ ದಿನ ನನ್ನನ್ನು ಆಡಿಕೊಂಡಿದ್ದ ಹೆಂಗಸೇ, ಎಲ್ಲರೂ ದೊಡ್ಡಕ್ಕ ಅಂತ ಕರೆಯುವವಳು, "ಈಗ ಸರಿ ಆತು ನೋಡ್ರಿ" ಅಂದಳು.

ನನ್ನ ಲೈನು ಬೇರೆಯವರು ಬೇಡ ಅಂದವರ ಲೈನು. ಪೋಲಿಯೊ ಆದವಳು, ವಯಸ್ಸಾಯಿತು ಅಂತ ಬೇರೆ ಲೈನಿನಿಂದ ತೆಗೆಸಿಕೊಂಡವಳು, ಹೀಗೆ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ತಾಯಿ ಮಗಳ ಕೈ ಹಿಡಿದು ನಿಂತಿದ್ದಳು. "ಹೊಲಿಗಿ ಚಲೋ ಬರ್ತದ್ರಿ. ಮಾತು ಬರಂಗಿಲ್ಲ, ಕಿವಿ ಕೇಳಂಗಿಲ್ಲ. ಎಲ್ಲಾ ಕಡೆ ಬ್ಯಾಡ ಅಂದ್ರು." ಕಣೇಕಲ್ಲಿನಿಂದ ಬಸ್ಸಿಗೆ ಬಂದಿದ್ದರು. ಒಂದು ಮಿಷನ್ ಖಾಲಿ ಇತ್ತು, ಕೂರಿಸಿದೆ. ಆ ಹುಡುಗಿ ಪ್ಯಾಂಟಿನ ಸೊಂಟಪಟ್ಟಿ ಹಚ್ಚಿದ್ದು ನೋಡಿ ದೊಡ್ಡಕ್ಕನೇ ಹುಬ್ಬು ಏರಿಸಿದಳು.

ಬೆಲ್ ಅವಳಿಗೆ ಕೇಳಿಸುತ್ತಿರಲಿಲ್ಲ. ಎಲ್ಲರೂ ಊಟಕ್ಕೆ ಎದ್ದರೂ ಒಬ್ಬಳೇ ಹೊಲಿಯುತ್ತಾ ಕೂತಿರುತ್ತಿದ್ದಳು. ನೋಡಲಾಗದೆ ಎಲೆಕ್ಟ್ರಿಷಿಯನ್ ಬೆನ್ನು ಬಿದ್ದು ಲೈನಿನ ತುದಿಗೆ ಕೆಂಪು ಬಲ್ಬು ಹಾಕಿಸಿದೆ. ಬೆಲ್ ಹೊಡೆದರೆ ಬಲ್ಬೂ ಹತ್ತುತ್ತಿತ್ತು. ನಾವೆಲ್ಲ ಅವಳ ಕೈಭಾಷೆ ಕಲಿತೆವು. ಅದರಲ್ಲೇ ಜಗಳ, ಅದರಲ್ಲೇ ಚಾಡಿ. ಮಿಷನ್ನಿಗೆ ಕೂತ ಮೇಲೆ ಮನೆಯಲ್ಲಿ ಅವಳನ್ನು ಮೂಕಿ ಅಂತ ಕರೆಯೋದು ಬಿಟ್ಟರಂತೆ. "ಟೈಲರಮ್ಮ ಬಂದ್ಲು ಅಂತಾರ್ರಿ ಈಗ" ಅಂತ ಅವಳ ತಾಯಿ ಹೇಳುವಾಗ ಕಣ್ಣು ಒರೆಸಿಕೊಂಡಿದ್ದಳು.

ನಮ್ಮ ಪ್ಯಾಂಟು ಕೊಳ್ಳುವ ಬೈಯರ್ ಕಡೆಯವರು ಬಂದು ನೋಡಿ ಮೆಚ್ಚಿದರು. ಆ ಹುಡುಗಿಯ ಭುಜದ ಮೇಲೆ ನಾನು ಕೈಯಿಟ್ಟಿರುವ ಫೋಟೋ ಮ್ಯಾನೇಜರ್ ಸಾರ್ ರೂಮಿನ ಗೋಡೆ ಏರಿತು. ಕೆಳಗೆ 'ಎಲ್ಲರನ್ನೂ ಒಳಗೊಳ್ಳುವ ಟೀಮ್ ಲೀಡರ್' ಅಂತ ಅಚ್ಚು. ಹಿಗ್ಗಿಹೋದೆ, ಸುಳ್ಳು ಯಾಕೆ ಹೇಳಲಿ. ಆದರೆ ಫೋಟೋ ಹಾಕಿಸಿದ ಸಾರೇ ಒಂದು ಮಾತು ಅಂದಿದ್ದರು: "ನೋಡಮ್ಮಾ, ಕಿವಿ ಕೇಳದವಳಿಗೆ ಸೂಜಿ ಮುರಿದದ್ದು ಗೊತ್ತಾಗಲ್ಲ. ಒಂದೇ ಒಂದು ಸೂಜಿ ಕಂಪ್ಲೇಂಟ್ ಬರಲಿ, ಅವಳು ಕೆಳಗೆ ದಾರ ಕತ್ತರಿಸೋಕೆ."

ದಾರ ಕತ್ತರಿಸುವ ಸೆಕ್ಷನ್ ಅಂದರೆ ಗೋಡೌನ್ ಪಕ್ಕದ ಹಾಲು. ನೆಲದ ಮೇಲೆ ಕೂತು, ಹೊಲಿದ ಪ್ಯಾಂಟಿನ ಉಳಿದ ದಾರ ತೆಗೆಯುವ ಕೆಲಸ. ಸಂಬಳವೂ ಕಡಿಮೆ, ಮಿಷನ್ನೂ ಇಲ್ಲ. ಒಮ್ಮೆ ಅಲ್ಲಿಗಿಳಿದವರು ಮತ್ತೆ ಮೇಲೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಸೂಜಿಯ ರೂಲು ಮಾತ್ರ ಸರಿಯಾದದ್ದೇ. ಸೂಜಿ ಮುರಿದರೆ ಎಲ್ಲ ಚೂರೂ ಸಿಗಬೇಕು. ಜೋಡಿಸಿ ಕಾರ್ಡಿಗೆ ಅಂಟಿಸಿ, ಸೂಜಿ ಪೂರ್ತಿ ಇದೆ ಅಂತ ತೋರಿಸಿದರಷ್ಟೇ ಹೊಸದು ಕೊಡುತ್ತಾರೆ. ಇಲ್ಲದಿದ್ದರೆ ಲೈನು ನಿಲ್ಲಬೇಕು, ಮ್ಯಾನೇಜರ್‌ಗೆ ಹೇಳಬೇಕು.

ಮಕ್ಕಳ ಪ್ಯಾಂಟಿನ ಆರ್ಡರ್ ಓಡುತ್ತಿದ್ದ ದಿನ. ಕಣೇಕಲ್ಲಿನ ಹುಡುಗಿ ತಟ್ಟನೆ ಕೈ ಎತ್ತಿದಳು. ಸೂಜಿ ಮುರಿದದ್ದು ಅವಳಿಗೆ ಕೇಳಬೇಕಾಗಿರಲಿಲ್ಲ, ಅಂಗೈಗೇ ಗೊತ್ತಾಗಿತ್ತು. ಬುಡ ಮಿಷನ್ನಿನಲ್ಲೇ ಇತ್ತು. ಮೊನೆ ಇರಲಿಲ್ಲ. ಅಯ್ಯೋ ದೇವರೇ, ಇವತ್ತೇ ಆಗಬೇಕಾ? ಲೈನಿನ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಮಂಡಿಯೂರಿ ಮಿಷನ್ನಿನ ಕೆಳಗೆಲ್ಲ ಅಯಸ್ಕಾಂತ ಆಡಿಸಿದೆ. ಎಲ್ಲರೂ ಬಟ್ಟೆ ಕೊಡವಿದರು. ಮೊನೆಯ ಸುಳಿವಿಲ್ಲ.

"ಸಿಕ್ತ್ರಿ ಮೇಡಂ, ಸಿಕ್ತು!" ಅಂದಳು ದೊಡ್ಡಕ್ಕ. ಅಂಗೈ ಮೇಲೆ ಒಂದು ಸೂಜಿಮೊನೆ.

ರಾಯದುರ್ಗದಲ್ಲಿ ಮಿಷನ್ ಇಲ್ಲದ ಓಣಿ ಇಲ್ಲ. ಫ್ಯಾಕ್ಟರಿಯಿಂದ ಹೋದ ಹೆಂಗಸರು ಮನೆಯಲ್ಲೂ ಹೊಲಿಯುತ್ತಾರೆ. ಮುರಿದ ಸೂಜಿ ಮಕ್ಕಳ ಕಾಲಿಗೆ ಚುಚ್ಚದಿರಲಿ ಅಂತ ಎತ್ತಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ದೊಡ್ಡಕ್ಕನ ಅಂಗೈಲಿದ್ದದ್ದು ಅಂಥ ಚೀಲದಿಂದ ತೆಗೆದ, ಮನೆಯ ಮಿಷನ್ನಿನ ಸಣ್ಣ ಸೂಜಿಯ ಮೊನೆ. ಜೀನ್ಸಿನ ಸೂಜಿ ದಪ್ಪ. ನನಗೂ ಕಾಣಿಸಿತು, ಎಲ್ಲರಿಗೂ ಕಾಣಿಸಿತು, ಯಾರೂ ಬಾಯಿ ಬಿಡಲಿಲ್ಲ. ಹುಡುಗಿಯನ್ನು ಉಳಿಸಿಕೊಳ್ಳಬೇಕಿತ್ತು, ಅಷ್ಟೇ.

ಆ ಹುಡುಗಿ ಮೊನೆಯನ್ನು ತನ್ನ ಸೂಜಿಯ ಬುಡಕ್ಕೆ ಹಿಡಿದು ನೋಡಿದಳು. ಇಲ್ಲ ಅಂತ ತಲೆಯಾಡಿಸಿ ಪಕ್ಕಕ್ಕೆ ಸರಿಸಿದಳು. ಹೊಸ ಸೂಜಿ ಕೊಡಿಸಲು ಹೋದರೆ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿ ಕೂತುಬಿಟ್ಟಳು. ನನಗೆ ಎಲ್ಲಿಲ್ಲದ ಕೋಪ ಬಂತು. ನಿನಗೋಸ್ಕರ ಕಣೇ, ನಿನ್ನ ಸೀಟು ಹೋಗುತ್ತೆ ಅಂತ ಕೈಯಾಡಿಸಿದೆ. "ಹೋಗ್ಲಿ ಬಿಡ್ರಿ ಮೇಡಂ, ನಡೀಲಿ ಲೈನು" ಅಂತ ದೊಡ್ಡಕ್ಕ ಗೋಗರೆದಳು. ಹುಡುಗಿ ಕಂಕುಳಿಂದ ಒಂದು ಕೈ ತೆಗೆದು ಮೊಣಕಾಲೆತ್ತರಕ್ಕೆ ಹಿಡಿದಳು, ಇಷ್ಟು ಪುಟ್ಟ ಮಗು ಅಂತ. ಆಮೇಲೆ ತನ್ನ ಹೊಟ್ಟೆಗೆ ಬೆರಳು ಚುಚ್ಚಿಕೊಂಡು ಮುಖ ಕಿವುಚಿದಳು.

ನಾನು ಲೈನು ನಿಲ್ಲಿಸಿದೆ. ಸುದ್ದಿ ಮೇಲೆ ಹೋಯಿತು. ಅಲ್ಲಿದ್ದ ಸೊಂಟಪಟ್ಟಿಗಳನ್ನೆಲ್ಲ ಬಿಚ್ಚಿದೆವು, ಎಲ್ಲೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಅವಳ ಮಿಷನ್ನಿನಲ್ಲಿ ಬೇರೆ ಯಾರೋ ಕೂತಿದ್ದರು.

ಸಾರ್ ರೂಮಿಗೆ ನುಗ್ಗಿದೆ. "ಸಾರ್, ಸಿಕ್ಕಿಲ್ಲ ಅಂತ ಹೇಳಿದ್ದೇ ಅವಳು. ಅವಳು ಸುಮ್ಮನಿದ್ದಿದ್ದರೆ ನಿಮಗೆ ಗೊತ್ತೇ ಆಗ್ತಿರಲಿಲ್ಲ. ಅವಳನ್ನ ಮೇಲೆ ಕಳಿಸಿ ಸಾರ್, ನಿಮ್ಮ ಕೈ ಮುಗೀತೀನಿ." ಅಷ್ಟು ವರ್ಷದಲ್ಲಿ ಆ ರೂಮಿನಲ್ಲಿ ನಾನು ಅತ್ತದ್ದು ಅದೇ ಮೊದಲು. ಸಾರ್ ಕೆಟ್ಟವರೇನಲ್ಲ, ನೀರಿನ ಲೋಟ ಮುಂದಿಟ್ಟರು. "ನಾನೇನು ಕೆಲಸದಿಂದ ತೆಗೆದೆನಾ ಅಮ್ಮಾ? ಕೆಳಗೆ ಹಾಯಾಗಿ ಕೂತಿರಲಿ ಬಿಡು." ಅವರ ತಲೆಯ ಮೇಲೆ ಗೋಡೆಯಲ್ಲಿ ನಾವಿಬ್ಬರೂ ನಗುತ್ತಿದ್ದೆವು.

ಹೊರಡಲು ತಿರುಗಿದೆ. ಟಿಕ್ ಅಂದಿತು. ಇನ್ನೊಂದು ಹೆಜ್ಜೆ ಇಟ್ಟೆ, ಮತ್ತೆ ಟಿಕ್. ಮಿಷನ್ನುಗಳ ಗದ್ದಲದಲ್ಲಿ ಕೇಳದ ಸದ್ದು ಆ ರೂಮಿನ ನುಣ್ಣನೆ ಟೈಲ್ಸ್ ಮೇಲೆ ಚೆನ್ನಾಗಿ ಕೇಳಿಸಿತು. ಕಾಲೆತ್ತಿ ನೋಡಿದೆ. ಚಪ್ಪಲಿಯ ಅಟ್ಟೆಯಲ್ಲಿ ದಪ್ಪನೆಯ ಸೂಜಿಮೊನೆ ನಾಟಿಕೊಂಡಿತ್ತು. ಬೇರೆ ಯಾರ ಕಾಲಿಗೆ ಸಿಕ್ಕಿದ್ದರೂ ಆ ಕ್ಷಣವೇ ಅಮ್ಮಾ ಅಂದಿರುತ್ತಿದ್ದರು. ಲೈನಿನಲ್ಲಿ ಚಪ್ಪಲಿ ಹಾಕಿದ್ದವಳು ನಾನೊಬ್ಬಳೇ.

ಕಿತ್ತು ಸಾರ್ ಮೇಜಿನ ಮೇಲಿಟ್ಟೆ. ಇನ್ನು ಅವಳ ತಪ್ಪೇನಿದೆ, ಮೇಲೆ ಕಳಿಸುತ್ತಾರೆ ಅಂದುಕೊಂಡೆ. ಸಾರ್ ಅದನ್ನು ಮೇಜಿನ ಮೇಲೇ ಇದ್ದ ಮುರಿದ ಸೂಜಿಯ ಬುಡಕ್ಕೆ ಜೋಡಿಸಿ ನೋಡಿದರು, ಸರಿಯಾಗಿ ಕೂತಿತು. "ಒಳ್ಳೇದಾಯ್ತು. ಕಾರ್ಡಿಗೆ ಅಂಟಿಸು, ಕ್ಲೋಸ್ ಮಾಡೋಣ."

"ಮತ್ತೆ ಆ ಹುಡುಗಿ ಸಾರ್?"

"ಆ ಮಾತು ಮುಗೀತಲ್ಲಮ್ಮಾ."

ಮೊನೆ ನನ್ನ ಚಪ್ಪಲಿಯಲ್ಲಿ ಸಿಕ್ಕಿತು ಅಂತ ದೊಡ್ಡಕ್ಕನಿಗೆ ಹೇಳಿದೆ. ಅವಳು ಎಲೆಅಡಿಕೆ ಚೀಲ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೆಳಗಿಳಿದೆ. ಕಣೇಕಲ್ಲಿನ ಹುಡುಗಿ ಪ್ಯಾಂಟಿನ ರಾಶಿಯ ಪಕ್ಕ ಚಾಪೆಯ ಮೇಲೆ ಕತ್ತರಿ ಹಿಡಿದು ಕೂತಿದ್ದಳು. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಅಲ್ಲಿ ಬಲ್ಬಿಲ್ಲ, ಅವಳಿಗೆ ಹೇಳುವವರೂ ಇಲ್ಲ. ನಾನು ಚಪ್ಪಲಿ ಬಿಚ್ಚಿ ತಿರುಗಿಸಿ ತೂತು ತೋರಿಸಿದೆ. ಸೂಜಿ ಇಲ್ಲಿತ್ತು, ನನ್ನ ಕಾಲಲ್ಲಿತ್ತು ಅಂತ ಕೈಯಲ್ಲಿ ಹೇಳಿದೆ. ಬೈಯಲಿ, ಮುಖ ತಿರುಗಿಸಲಿ, ಏನಾದರೂ ಮಾಡಲಿ ಅಂತ ಕಾದೆ.

ಅವಳು ಚಪ್ಪಲಿ ನೋಡಿದಳು, ನನ್ನ ಬರಿಗಾಲು ನೋಡಿದಳು. ಬೆರಳನ್ನು ನನ್ನತ್ತ ತೋರಿಸಿ, ಆಮೇಲೆ ಚಾಪೆಯತ್ತ ತೋರಿಸಿ ಹುಬ್ಬೇರಿಸಿದಳು. ನಿನ್ನನ್ನೂ ಇಲ್ಲಿಗೇ ಹಾಕಿದರಾ ಅಂತ. ಅವಳ ಮುಖದಲ್ಲಿ ಕೊಂಕಿರಲಿಲ್ಲ, ನನ್ನ ಮೇಲಿನ ಅಯ್ಯೋ ಪಾಪ ಇತ್ತು. ನಾನು ಉತ್ತರ ಕೊಡುವ ಮೊದಲೇ ಪ್ಯಾಂಟಿನ ರಾಶಿ ಆಚೆ ತಳ್ಳಿ, ಜರುಗಿ, ಪಕ್ಕದಲ್ಲಿ ಜಾಗ ಮಾಡಿದಳು. ಇನ್ನೊಂದು ಕತ್ತರಿ ಹುಡುಕಿ ಕೊಟ್ಟಳು.

ಕೂತೆ. ಒಂದು ಪ್ಯಾಂಟಿನ ದಾರ ಕತ್ತರಿಸಿದೆ. ಅಷ್ಟರಲ್ಲಿ ಊಟದ ಬಿಡುವು ಮುಗಿದ ಬೆಲ್ ಹೊಡೆಯಿತು. ಅವಳಿಗೆ ಕೇಳಿಸಲಿಲ್ಲ. ಕತ್ತರಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ನಾನು ಮೆಟ್ಟಿಲು ಹತ್ತಿದೆ.

ಈಗಲೂ ನಾನು ಆ ಲೈನಿಗೇ ಇನ್‌ಚಾರ್ಜ್. ಫೋಟೋ ಗೋಡೆಯ ಮೇಲೇ ಇದೆ. ಅವಳು ಮಾತ್ರ ಚಾಪೆಯ ಮೇಲೆ ಆ ಜಾಗವನ್ನು ಹಾಗೇ ಬಿಟ್ಟುಕೊಂಡು ಕೂರುತ್ತಾಳೆ.