ಏಳು ವರ್ಷ ಮೇಲ್ಪಟ್ಟವರಿಗೆ

ಮಗಳಿಗೆ ಯಾವ ವಿಡಿಯೋ ಗೇಮ್ ಕೊಡಬಹುದು, ಯಾವುದನ್ನು ಕೊಡಬಾರದು ಎಂದು ತೀರ್ಮಾನಿಸುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಎಲ್ಲಕ್ಕಿಂತ ಹೆಚ್ಚು ದಣಿದಿದ್ದ ವರ್ಷ. ಬೆಳಿಗ್ಗೆ ಮೂರ್ನಾಡಿನಲ್ಲಿ ಬಸ್ಸು ಹಿಡಿದು ಮಡಿಕೇರಿಯ ಕಚೇರಿಗೆ ಹೋಗುವುದು, ಸಂಜೆ ಅದೇ ತಿರುವುಗಳಲ್ಲಿ ತೂಕಡಿಸುತ್ತಾ ವಾಪಸು ಬರುವುದು. ಗಂಡ ಶ್ರೀಮಂಗಲದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವರು. ಕಾಫಿ ಪಿಕಿಂಗ್ ಶುರುವಾದರೆ ವಾರಕ್ಕೊಮ್ಮೆ ಮನೆ ಮುಟ್ಟಿದರೆ ಹೆಚ್ಚು. ಮಾವ ಸೊಂಟ ಮುರಿದುಕೊಂಡು ಮಲಗಿ ಏಳು ತಿಂಗಳಾಗಿತ್ತು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು, ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವಳು ತನ್ನ ಚಪ್ಪಲಿ ಹಾಕಿಕೊಂಡಿರುತ್ತಿದ್ದಳು.

ಇಂಥ ಮನೆಗೆ ಮೈಸೂರಿನ ನಾದಿನಿ ಒಂದು ದಿನ ಟಿವಿಗೆ ಜೋಡಿಸುವ ಗೇಮಿನ ಪೆಟ್ಟಿಗೆ ತಂದು ಇಳಿಸಿದಳು. ಜೊತೆಗೆ ಬಟ್ಟೆಯಂಗಡಿಯ ಚೀಲದಲ್ಲಿ ಹನ್ನೊಂದು ಸಿ.ಡಿ. "ನಮ್ಮವರು ದೊಡ್ಡವರಾದ್ರು, ಇದು ಸುಮ್ಮನೆ ಧೂಳು ತಿಂತಾ ಉಂಟು. ಇವಳಿಗೆ ಆಗ್ತದೆ" ಎಂದಳು. ಅವಳ ಮಕ್ಕಳಿಗೆ ಇಪ್ಪತ್ತು ದಾಟಿದೆ. ನನ್ನ ಮಗಳಿಗೆ ಒಂಬತ್ತು. ಅವರು ಬಿಟ್ಟದ್ದೆಲ್ಲ ಇವಳಿಗೆ ಆಗಲು ಇದೇನು ಸ್ವೆಟರೇ? ಗಂಡನಿಗೆ ಫೋನು ಮಾಡಿ ಕೇಳಿದರೆ, "ಗೇಮ್ ತಾನೆ, ಆಡಿಕೊಳ್ಳಲಿ ಬಿಡು" ಎಂದು ಕೈ ತೊಳೆದುಕೊಂಡರು.

ಸಿ.ಡಿ. ಡಬ್ಬಿಗಳ ಮೂಲೆಯಲ್ಲಿ ಚಿಕ್ಕ ಚೌಕ, ಅದರೊಳಗೆ ಒಂದು ಅಂಕಿ. ಮೂರು, ಏಳು, ಹನ್ನೆರಡು, ಹದಿನಾರು, ಹದಿನೆಂಟು. ಅದು ಎಷ್ಟನೇ ಭಾಗ ಎಂಬ ಲೆಕ್ಕವಿರಬೇಕು ಎಂದುಕೊಂಡಿದ್ದೆ. "ಅದು ವಯಸ್ಸು ಅವ್ವಾ, ಅಷ್ಟು ವಯಸ್ಸಾದವರು ಮಾತ್ರ ಆಡ್ಬೇಕು" ಎಂದು ಮಗಳೇ ತಿದ್ದಿದಳು. ಹೇಳಿದ ಮೇಲೆ ಅವಳಿಗೆ ತನ್ನ ತಪ್ಪು ಗೊತ್ತಾಯಿತು. ಆದರೆ ಅಷ್ಟರಲ್ಲಿ ಆರು ಡಬ್ಬಿಗಳು ಅಲ್ಮೇರಾದ ಮೇಲೆ ಹೋಗಿ ಕೂತಿದ್ದವು.

ಉಳಿದ ಐದನ್ನು ಕಣ್ಣು ಮುಚ್ಚಿ ಕೊಡಬಹುದಿತ್ತು. ಆದರೆ ನನ್ನದೂ ಒಂದು ಹಟ. ಔಷಧಿಯ ಮೇಲಿನ ತಾರೀಕು ನೋಡದೆ ಮಾವನಿಗೆ ಮಾತ್ರೆ ಕೊಡುವವಳಲ್ಲ ನಾನು. ಮಗಳಿಗೆ ಕೊಡುವುದಕ್ಕೆ ಮೊದಲು ಪ್ರತಿಯೊಂದನ್ನೂ ಅರ್ಧ ಗಂಟೆ ನಾನೇ ಆಡಿ ನೋಡುವುದೆಂದು ನಿಯಮ ಮಾಡಿಕೊಂಡೆ. ಭಾನುವಾರ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟು, ರಿಮೋಟು ಹಿಡಿದು ಕೂರುತ್ತಿದ್ದೆ. ಕಾರಿನ ಗೇಮ್ ಪರೀಕ್ಷೆ ಮಾಡುವಾಗ ಅಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ನನ್ನ ಕಾರು ಗೋಡೆಗೆ ಮುಖ ಒತ್ತಿಕೊಂಡು ಇನ್ನೂ ಗುರುಗುಡುತ್ತಿತ್ತು. ಮಗಳು ಪಕ್ಕದಲ್ಲಿ ಕೂತು, "ಪಾಸಾ ಅವ್ವಾ?" ಎಂದಳು. ಪಾಸು ಎಂದೆ. ನೋಡಿದ್ದು ಎರಡು ನಿಮಿಷ ಇರಬಹುದು.

ಮೂರರ ಅಂಕಿಯ ಎರಡನ್ನು ಅವಳು ಮುಟ್ಟಲೂ ಇಲ್ಲ, ಅವಮಾನವಂತೆ. ಏಳರ ಅಂಕಿಯ ಒಂದರಲ್ಲಿ ತೋಟ ಮಾಡಬೇಕು, ನೀರು ಹಾಕಬೇಕು, ಬೆಳೆ ಮಾರಬೇಕು. ನನಗೆ ಬಹಳ ಇಷ್ಟವಾಯಿತು. ಅವಳು ಹತ್ತು ನಿಮಿಷ ಆಡಿ, "ಇದರಲ್ಲೂ ಕಳೆ ಕೀಳ್ಬೇಕು" ಎಂದು ಎದ್ದುಹೋದಳು.

ಉಳಿದದ್ದು ಒಂದೇ, ಗುರಿ ಹೊಡೆಯುವ ಗೇಮ್. ಡಬ್ಬಿಯ ಮೇಲೆ ಏಳು. ಗಾಳಿಯಲ್ಲಿ ಹಾರುವ ಮಣ್ಣಿನ ತಟ್ಟೆ, ಬೇಲಿಯ ಮೇಲಿಟ್ಟ ಡಬ್ಬ, ಬಾಟಲಿ, ಇಷ್ಟನ್ನೇ ಹೊಡೆಯುವುದು. ಮನುಷ್ಯರಿಲ್ಲ, ಪ್ರಾಣಿಯಿಲ್ಲ, ರಕ್ತವಿಲ್ಲ. ಆದರೂ ಕೋವಿ ಕೋವಿಯೇ ಎಂದು ನಾನು ಎರಡು ವಾರ ಅದನ್ನು ತಡೆಹಿಡಿದೆ. ಮಾವನ ಮಂಚ ಮುಂದಿನ ಕೋಣೆಯಲ್ಲಿ, ಟಿವಿಯೂ ಅಲ್ಲೇ. ನಮ್ಮ ತಾಯಿ ಮಗಳ ಜಗಳವೆಲ್ಲ ಅವರ ಕಾಲಿನ ಬುಡದಲ್ಲೇ ನಡೆಯುತ್ತಿತ್ತು. ಒಂದು ದಿನ ಅವರು ಗೋಡೆಯ ಕಡೆ ಕಣ್ಣಲ್ಲೇ ತೋರಿಸಿ, "ಅದಕ್ಕೆ ಎಷ್ಟು ವರ್ಷ ತೇಳಿ ಬರ್ದುಟ್ಟು?" ಎಂದು ಕೇಳಿದರು.

ಗೋಡೆಯ ಮೇಲೆ ಮನೆಯ ಕೋವಿ ಇತ್ತು. ಪ್ರತಿ ವರ್ಷ ಕೈಲುಮುಹೂರ್ತ ಹಬ್ಬದ ದಿನ ಅದನ್ನು ಇಳಿಸಿ, ಒರೆಸಿ, ಹೂವಿಟ್ಟು ಎಲ್ಲರೂ ಕೈ ಮುಗಿಯುತ್ತೇವೆ. ಸೊಂಟ ಮುರಿಯುವ ಮೊದಲು ಮಾವ ಆ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹಿಡಿಯುವುದು ಹೇಗೆಂದು ಮೊಮ್ಮಗಳಿಗೆ ಹೇಳಿಕೊಟ್ಟಿದ್ದರು. ಅದನ್ನು ನೋಡಿ ನಗುತ್ತಾ ನಿಂತಿದ್ದವಳು ನಾನೇ. ಅದರ ಮೇಲೆ ಎಷ್ಟು ವರ್ಷವೆಂದು ಬರೆದಿದೆ ಎಂದರೆ ಏನು ಹೇಳಲಿ? ನನಗೆ ಕೋವಿಯ ಭಯವಲ್ಲ ಎಂದು ಹೇಳಬೇಕೆನಿಸಿತು. ಅಲ್ಮೇರಾದ ಮೇಲೆ ಹೋದ ಗೇಮುಗಳಲ್ಲಿ ಒಂದನ್ನು ಅವಳಿಲ್ಲದಾಗ ಹಾಕಿ ನೋಡಿದ್ದೆ, ಸತ್ತವರು ಮೂರು ಸೆಕೆಂಡಿಗೆ ಎದ್ದು ಬರುತ್ತಿದ್ದರು. ಸಾವು ಹಾಗಿರುತ್ತದೆ ಎಂದು ಮಗಳು ಕಲಿಯುವುದು ನನಗೆ ಬೇಡವಾಗಿತ್ತು, ಈ ತಟ್ಟೆ ಹೊಡೆಯುವುದು ಅದಕ್ಕೆ ಮೊದಲ ಮೆಟ್ಟಿಲಾದೀತು ಎಂಬ ಅಂಜಿಕೆ. ಇಷ್ಟನ್ನೆಲ್ಲ ಹೇಳುವ ಶಕ್ತಿ ಇರಲಿಲ್ಲ. "ಆಯ್ತು ಮಾವ, ಆಡಲಿ" ಎಂದೆ.

ಆಮೇಲೆ ನಡೆದದ್ದು ನೋಡಿ ನನಗೆ ಹೊಟ್ಟೆ ತಂಪಾಯಿತು. ಏಳು ತಿಂಗಳಿಂದ ಗೋಡೆ ನೋಡಿ ಮಲಗಿದ್ದ ಮನುಷ್ಯ ದಿಂಬಿಗೆ ಒರಗಿ ಕೂರತೊಡಗಿದರು. ಮಗಳು ಮಂಚದ ಕಾಲ ಬಳಿ ಕೂತು ಹೊಡೆಯುವುದು, ಅವರು ಹಿಂದಿನಿಂದ ಹೇಳುವುದು: "ಉಸ್ರು ಹಿಡಿ. ತಟ್ಟೆ ಇರುವಲ್ಲಿಗೆ ಅಲ್ಲ, ಹೋಗುವಲ್ಲಿಗೆ ಹೊಡಿ." ಅವರಿಗೆ ಕಿವಿ ಮಂದ. ಗಂಡ ಊರಿಗೆ ಬಂದಾಗ ಟಿವಿಗೆ ಒಂದು ದೊಡ್ಡ ಸ್ಪೀಕರು ಜೋಡಿಸಿ ಹೋದರು. ಸರಿಯಾದ ಗೇಮ್ ಆರಿಸಿದೆ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ನಮ್ಮ ಕಡೆ ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಾರೆ. ಕೇಳಿಸಿಕೊಂಡವರು ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಹಾಕಿಕೊಂಡು, ಮನೆಗೊಬ್ಬರಂತೆ ಬಂದು ನಿಲ್ಲಬೇಕು. ಫೋನು ಮಾಡಿ ತಿಳಿಸುವುದು ದೂರದವರಿಗೆ. ಹತ್ತಿರದವರಿಗೆ ಆ ಎರಡು ಗುಂಡೇ ಕರೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಒಂದು ಭಾನುವಾರ ಕಣದಲ್ಲಿ ಒಣಗಲು ಕಾಫಿ ಹರವಿ ಕಾಲಿನಿಂದ ಗೆರೆ ಎಳೆಯುತ್ತಿದ್ದೆ. ಗೇಟಿನಿಂದ ಬಿಳಿ ಬಟ್ಟೆಯವರು ಬರುವುದು ಕಂಡಿತು. ಮುಂದೆ ಪಕ್ಕದ ಮನೆಯ ಚಿಕ್ಕಪ್ಪ, ಮಾವನ ತಮ್ಮ. ಹಿಂದೆ ಆರೇಳು ಮಂದಿ, ಇಬ್ಬರು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಯಾರೋ ಹೋಗಿರಬೇಕು, ನನ್ನನ್ನು ಕರೆಯಲು ಬಂದಿದ್ದಾರೆ ಎಂದುಕೊಂಡು, "ಎಲ್ಲಿಗೆ ಚಿಕ್ಕಪ್ಪ?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲಿಗೇ" ಎಂದರು.

ಅಷ್ಟರಲ್ಲಿ ಒಳಗಿನಿಂದ ಮತ್ತೆ ಢಂ, ಢಂ. ಮಗಳು ಒಂದೇ ಸಲ ಎರಡು ತಟ್ಟೆ ಹಾರುವ ಹಂತಕ್ಕೆ ಬಂದಿದ್ದಳು. ಅದಕ್ಕೆ ಜೋಡಿ ನಳಿಗೆಯ ಕೋವಿ. ಕಿಟಕಿ ತೆರೆದಿತ್ತು, ಎದುರಿನ ಗುಡ್ಡ ಆ ಸದ್ದನ್ನು ತಿರುಗಿ ಹೇಳುತ್ತಿತ್ತು. ಹರವಿದ ಕಾಫಿಯನ್ನೇ ತುಳಿದುಕೊಂಡು ಬಾಗಿಲಿಗೆ ಓಡಿದೆ.

ಎಲ್ಲರೂ ಒಳಗೆ ಹೋದರು. ಮಾವ ದಿಂಬಿಗೆ ಒರಗಿ, ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ಬಿಳಿ ಬಟ್ಟೆಗಳನ್ನು ನೋಡಿ ಅವರಿಗೆ ನಮ್ಮೆಲ್ಲರಿಗಿಂತ ಮೊದಲು ಅರ್ಥವಾಯಿತು. "ನಾ ಹೋದೆ ತೇಳಿ ಬಂದದಾ?" ಎಂದರು. ಅವರು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿ, "ಬಂದ್ರಲ್ಲಾ, ಸಾಕು" ಎಂದು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ಅಡುಗೆಮನೆಗೆ ಹೋಗಿ, ಸಾವಿಲ್ಲದ ಸಾವಿಗೆ ಬಂದ ಅಷ್ಟೂ ಜನಕ್ಕೆ ಕಾಫಿ ಕಾಯಿಸಿದೆ. ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಹಾಲು ಸಾಲದು ಎಂಬುದಷ್ಟೇ ತಲೆಯಲ್ಲಿತ್ತು.

ಹೋಗುವಾಗ ಚಿಕ್ಕಪ್ಪ ಮೆಟ್ಟಿಲ ಮೇಲೆ ನಿಂತು ಹೇಳಿದರು, "ತಪ್ಪು ತಿಳ್ಕೊಳ್ಬೇಡ ಮಗಳೇ. ಹೀಗೇ ಆದ್ರೆ ನಾಳೆ ನಿಜ ಯಾವ್ದು, ಆಟ ಯಾವ್ದು ತೇಳಿ ನಮಗೆ ಗೊತ್ತಾಗುದು ಹೇಗೆ?" ಕಿವಿ ಮಂದವಾದ ಮಾವನಿಗೆ ಅದು ಮಾತ್ರ ಹೇಗೆ ಕೇಳಿಸಿತೋ. ಆ ದಿನದಿಂದ ಅವರಿಗೆ ಅದೊಂದೇ ಚಿಂತೆ. "ಯಾರೂ ಬಾರದಿದ್ರೆ?" ಎಂದು ಮಾತ್ರೆ ನುಂಗುವಾಗ ಒಮ್ಮೆ, ಮೈ ಒರೆಸುವಾಗ ಒಮ್ಮೆ ಕೇಳುತ್ತಿದ್ದರು. ಬರುತ್ತಾರೆ ಮಾವ, ಬಾರದೆ ಎಲ್ಲಿ ಹೋಗುತ್ತಾರೆ ಎನ್ನುತ್ತಿದ್ದೆ.

ಗೇಮನ್ನು ಅಲ್ಮೇರಾದ ಮೇಲೆ ಎಸೆಯಬೇಕೆಂದು ಹೊರಟೆ. ಮಾವನೇ ಬೇಡವೆಂದರು. ಸದ್ದು ಪೂರ್ತಿ ಕಡಿಮೆ ಮಾಡಿ ಕೊಟ್ಟೆ. "ಸದ್ದಿಲ್ಲದ ಕೋವಿ ಎಂತಕ್ಕೆ?" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಮೂರು ದಿನ ನೋಡಿದೆ. ಕೊನೆಗೆ ಮಗಳೇ ಗೇಮಿನೊಳಗೆ ಹುಡುಕಿ ಒಂದೇ ಗುಂಡಿನ ಕೋವಿ ಆರಿಸಿದಳು. ಮನೆಯಲ್ಲಿ ಕಾನೂನಾಯಿತು: ಒಂದು ಹೊಡೆದರೆ ಹತ್ತು ಎಣಿಸಿ ಇನ್ನೊಂದು. ಎಂದಿಗೂ ಎರಡು ಒಟ್ಟಿಗೆ ಬೇಡ.

ಒಂದು ಗುಂಡಿಗೂ ನಮ್ಮಲ್ಲಿ ಅರ್ಥವಿದೆ. ಗಂಡು ಮಗು ಹುಟ್ಟಿದರೆ ಒಂದು. ಚಿಕ್ಕಪ್ಪ ಬೇಲಿಯಾಚೆಯಿಂದ, "ಇವತ್ತು ಎಷ್ಟು ಹೈದಂಗಳು ಹುಟ್ಟಿದ್ರು?" ಎಂದು ಕೂಗಿ ತಮಾಷೆ ಮಾಡುತ್ತಿದ್ದರು. ಅದನ್ನು ಕೇಳಿ ಮಗಳು, "ಅಜ್ಜಾ, ನಾನು ಹುಟ್ಟಿದಾಗ ಹೊಡ್ದದ್ದಾ?" ಎಂದಳು. ಹೊಡೆದಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಆ ಮೌನವನ್ನು ನಾನು ಕೇಳಿಸಿಕೊಂಡಿದ್ದೆ, ಈಗಲೂ ಮರೆತಿಲ್ಲ. ಮಾವ ಟಿವಿಯ ಕಡೆ ಕೈ ತೋರಿಸಿ, "ಈಗ ಒಂದು ಹೊಡಿ. ಅದು ನಿಂಗೆ" ಎಂದರು. ಅವಳು ಉಸಿರು ಹಿಡಿದು ಹೊಡೆದಳು. ತಟ್ಟೆ ಪುಡಿಯಾಯಿತು. ನಾನು ಬಟ್ಟೆ ಮಡಿಸುವ ನೆಪದಲ್ಲಿ ಒಳಗೆ ಹೋದೆ. ಇದಾದ ಮೇಲೆ ಆ ಗೇಮನ್ನು ಕಿತ್ತುಕೊಳ್ಳುವ ಮನಸ್ಸು ನನಗೆಲ್ಲಿ ಬರಬೇಕು?

ಹಾಗೆಂದು ಹತ್ತು ಎಣಿಸುವ ಕಾನೂನನ್ನು ನಾನು ಬಿಗಿಯಾಗಿ ನೋಡಿಕೊಂಡೆನೇ? ಇಲ್ಲ. ಬಸ್ಸಿಳಿದು ಬಂದು ಅನ್ನಕ್ಕಿಡುವಾಗ ಎಷ್ಟೋ ಸಲ ಒಟ್ಟಿಗೆ ಎರಡು ಕೇಳಿಸಿದೆ. "ಎಣಿಸು" ಎಂದು ಕೂಗುವುದಕ್ಕೂ ಸೋಮಾರಿತನ. ಸೋಮಾರಿತನವಲ್ಲ, ಸುಸ್ತು. ಯಾವುದಾದರೇನು, ಕೂಗಲಿಲ್ಲ.

ಮಾವ ಹೋದದ್ದು ಫೆಬ್ರುವರಿಯ ಒಂದು ಬೆಳಿಗ್ಗೆ, ಗಂಜಿ ಕುಡಿದ ಮೇಲೆ. ಹಿಂದಿನ ದಿನವೇ ಉಸಿರು ಕಷ್ಟವಾಗಿದ್ದರಿಂದ ಗಂಡ ಊರಿಗೆ ಬಂದಿದ್ದರು. ಗೋಡೆಯ ಕೋವಿ ಇಳಿಸಿ, ಅಂಗಳದಲ್ಲಿ ನಿಂತು ಎರಡು ಗುಂಡು ಹಾರಿಸಿದರು. ನಾವು ಕಾದೆವು. ನಾನು ಮೈಸೂರಿಗೆ, ಮಡಿಕೇರಿಗೆ ಫೋನು ಮಾಡಿದೆ. ಗೇಟಿನ ಕಡೆ ನೋಡಿದೆ. ಅರ್ಧ ಗಂಟೆಯಾದರೂ ಒಬ್ಬರೂ ಇಲ್ಲ. ಬೇಲಿಯಾಚೆ ಚಿಕ್ಕಪ್ಪನ ಮನೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ನಿಲ್ಲದೆ ಕೇಳುತ್ತಿತ್ತು. "ಯಾರೂ ಬಾರದಿದ್ರೆ?" ಎಂದು ಅವರು ಕೇಳುತ್ತಿದ್ದದ್ದು ನೆನಪಾಗಿ, ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಗ ಮಗಳು ಚಪ್ಪಲಿಯನ್ನೂ ಹಾಕದೆ ಹೊರಟಳು. ತಡೆಯಬೇಕೆಂದು ಗೇಟಿನವರೆಗೆ ಓಡಿದೆ. ಅಷ್ಟರಲ್ಲಿ ಅವಳ ದನಿ ಚಿಕ್ಕಪ್ಪನ ಅಂಗಳದಿಂದ ಕೇಳಿಸಿತು. "ಚಿಕ್ಕಜ್ಜಾ, ಅದು ನನ್ನ ಗೇಮ್ ಅಲ್ಲ. ನಿಜ. ಅಜ್ಜ ಹೋದ್ರು, ಬನ್ನಿ." ಬಟ್ಟೆ ಒಗೆಯುವ ಸದ್ದು ನಿಂತಿತು. ಅವಳು ಮುಂದಿನ ಮನೆಗೆ ಹೋದಳು. ಅಲ್ಲಿಯೂ ಅದೇ ಮಾತು, ಅದೇ ಕ್ರಮದಲ್ಲಿ. ಯಾರೂ ಸಾಯದ ಗೇಮನ್ನೇ ಹುಡುಕಿ ಹುಡುಕಿ ಕೊಟ್ಟವಳು ನಾನು. ಒಂಬತ್ತು ವರ್ಷದ ಹುಡುಗಿ ಮನೆಮನೆಗೂ ಸಾವಿನ ಸುದ್ದಿ ಹೊತ್ತು ಹೋಗುವುದನ್ನು ಗೇಟು ಹಿಡಿದು ಕೇಳುತ್ತಾ ನಿಂತೆ.

ಜನ ಬಂದರು. ಚಿಕ್ಕಪ್ಪ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಅಳುತ್ತಲೇ ಬಂದರು. "ಎರಡು ಕೇಳಿತ್ತು ಮಗಳೇ. ನಿನ್ನ ಗೂಡೆ ಎಣಿಸುದು ಮರ್ತಿತ್ ತೇಳಿ ಬಿಟ್ಟೆವು" ಎಂದರು.

ಎಲ್ಲರ ಕೊನೆಗೆ ಮಗಳು ಬಂದಳು. ಪಾದವೆಲ್ಲ ಕೆಂಪು ಮಣ್ಣು. ಅಡುಗೆಮನೆಗೆ ಹೋಗಿ ನಿಂತುಕೊಂಡೇ ಒಂದು ಲೋಟ ನೀರು ಕುಡಿದಳು. ನನ್ನನ್ನು ಹುಡುಕಿ ಬಂದು, ಮೆಲ್ಲಗೆ ಕೇಳಿದಳು.

"ಮೇಲೆ ಆಳುಗಳ ಲೈನ್‌ಮನೆವರೆಗೂ ಹೇಳಿ ಬಂದೆ ಅವ್ವಾ. ಇನ್ನು ಯಾರಾದ್ರೂ ಬಾಕಿ ಇದ್ದಾರಾ?"