ಮೂರನೇ ಕೆಟಲು

ನಮ್ಮ ಡೊಂಬಿವ್ಲಿಯ ವಸತಿ ಸೊಸಾಯಿಟಿಯಲ್ಲಿ ನೀರಿನ ವೇಳಾಪಟ್ಟಿ ಅಂಟಿಸಿದ್ದಾರೆ. ಅಡ್ಡ ಓದಬೇಕಾದ್ದನ್ನು ಉದ್ದ ಓದಿ, ಇವತ್ತು ಬೆಳಿಗ್ಗೆ ಒಣ ನಲ್ಲಿಯ ಕೆಳಗೆ ಬಕೆಟ್ ಇಟ್ಟುಕೊಂಡು ಅರ್ಧ ತಾಸು ನಿಂತಿದ್ದೆ. ನಗಬೇಡಿ. ಇದೇ ತಪ್ಪನ್ನು ಸಂಬಳ ತೆಗೆದುಕೊಂಡು ಮಾಡಿದವಳು ನಾನು.

ಎಂಬತ್ತರ ದಶಕದ ಆರಂಭ. ಠಾಣೆ-ಬೇಲಾಪುರ ರಸ್ತೆಯ ಬಣ್ಣದ ಕಾರ್ಖಾನೆಯೊಂದಕ್ಕೆ ಹೊಸ ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ಪಾಸ್ಕಲ್ ಎಂಬ ಹೊಸ ಕಂಪ್ಯೂಟರ್ ಭಾಷೆ ಕಲಿತ ಜಂಬದೊಂದಿಗೆ ನಾನೂ ಬಂದೆ. ಅಲ್ಲಿ ಹನ್ನೊಂದು ವರ್ಷದಿಂದ ಫೋರ್ಟ್ರಾನ್ ಎಂಬ ಹಳೆಯ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದವರು ಹೊಸಮನಿಯವರು. ಧಾರವಾಡದ ಕಡೆಯವರು, ಮನೆ ಕಲ್ಯಾಣದಲ್ಲಿ. ಕಂಪನಿ ಬಸ್ಸಿನಲ್ಲಿ ನನಗೆಂದು ಕಿಟಕಿಯ ಸೀಟು ಹಿಡಿದಿಡುತ್ತಿದ್ದರು. ನನ್ನ ಉಡುಪಿ ಕನ್ನಡ ಕೇಳಿ, ಪುಸ್ತಕ ಓದಿದಂತೆ ಮಾತಾಡುತ್ತೀ ಎಂದು ಚುಡಾಯಿಸುತ್ತಿದ್ದರು.

ಆ ಕಂಪ್ಯೂಟರಿನ ಸೊಗಸೇ ಬೇರೆ. ಅದರೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಲ್ಪಿತ ಯಂತ್ರವಿತ್ತು. ಫೋರ್ಟ್ರಾನಿನಲ್ಲಿ ಬರೆಯಿರಿ, ಪಾಸ್ಕಲಿನಲ್ಲಿ ಬರೆಯಿರಿ, ಎರಡೂ ಆ ಯಂತ್ರದ ಒಂದೇ ಸಂಕೇತಕ್ಕೆ ಇಳಿಯುತ್ತಿದ್ದವು. ಹಾಗಾಗಿ ಶಾಖದ ಲೆಕ್ಕ ಹಾಕುವ ಹೊಸಮನಿಯವರ ಹಳೆಯ ಪ್ರೋಗ್ರಾಮನ್ನು ಎಸೆಯಬೇಕಾಗಿರಲಿಲ್ಲ. ನನ್ನದು ಅದನ್ನು ಕರೆದು ಕೆಲಸ ಮಾಡಿಸಿಕೊಂಡರೆ ಸಾಕಿತ್ತು.

ಬಣ್ಣ ಬೇಯಿಸುವ, ದೊಡ್ಡ ಹಂಡೆಯಂಥ ಎಂಟು ಕೆಟಲುಗಳು, ಎಂಟು ತಾಸಿನ ಉಷ್ಣತೆ, ಒಂದು ಕೋಷ್ಟಕ: ಕೆಟಲಿಗೊಂದು ಅಡ್ಡ ಸಾಲು, ತಾಸಿಗೊಂದು ಉದ್ದ ಸಾಲು. ನಾನು ತುಂಬಿಸಿ ಕೊಟ್ಟೆ. ಮೂರನೇ ಕೆಟಲಿನಿಂದ ಶಾಖ ಸೋರುತ್ತಿದೆ ಎಂದು ಅವರ ಪ್ರೋಗ್ರಾಮು ಹೇಳಿತು. ಇಡೀ ದಿನ ಕೆಲಸ ನಿಲ್ಲಿಸಿ ಬಿಚ್ಚಿ ನೋಡಿದರೆ ಕೆಟಲಿಗೆ ಏನೂ ಆಗಿರಲಿಲ್ಲ. ಮ್ಯಾನೇಜರು ನನ್ನನ್ನು ಕರೆದು ಕೇಳಿದರು. ಹಿಂದೆಮುಂದೆ ನೋಡದೆ, ಹಳೆಯ ಪ್ರೋಗ್ರಾಮು ಕೈಕೊಟ್ಟಿದೆ ಎಂದುಬಿಟ್ಟೆ. ಹಾಗಾದರೆ ಎಲ್ಲವನ್ನೂ ಪಾಸ್ಕಲಿನಲ್ಲೇ ಬರೆಯಿರಿ, ಹೊಸಮನಿ ಭಿವಂಡಿಯ ಗೋದಾಮು ನೋಡಿಕೊಳ್ಳಲಿ ಎಂದರು ಅವರು.

ಹೊಸಮನಿಯವರು ಎರಡು ದಿನ ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಲೆಕ್ಕ ಹಾಕಿದರು. ಮೂರನೆಯ ದಿನ ನನ್ನ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತರು.

“ತಂಗಿ, ನೀ ಅಡ್ಡಡ್ಡ ತುಂಬಿಸಿದ್ದನ್ನ ಫೋರ್ಟ್ರಾನ್ ಉದ್ದುದ್ದ ಓದೈತಿ. ಮೂರನೇ ತಾಸು ಹೋಗಿ ಮೂರನೇ ಕೆಟಲ್ ಆಗೈತಿ.”

ಪಾಸ್ಕಲ್ ಕೋಷ್ಟಕವನ್ನು ಸಾಲುಸಾಲಾಗಿ ಇಡುತ್ತದೆ, ಫೋರ್ಟ್ರಾನ್ ಮೇಲಿನಿಂದ ಕೆಳಕ್ಕೆ. ಯಂತ್ರ ಒಂದೇ ಆದರೂ ಇಡುವ ಕ್ರಮ ಬೇರೆ. ಎಂಟಕ್ಕೆ ಎಂಟು ಇದ್ದುದರಿಂದ ಯಂತ್ರವೂ ತಕರಾರು ಮಾಡಲಿಲ್ಲ. ಆ ದಿನ ಮೂರನೇ ತಾಸಿನಲ್ಲಿ ಉಗಿ ಕಡಿಮೆಯಾಗಿ ಎಲ್ಲ ಕೆಟಲುಗಳೂ ತಣ್ಣಗಾಗಿದ್ದವು, ಅಷ್ಟೇ. ಕೋಷ್ಟಕವನ್ನು ತಿರುಗಿಸಿ ಕೊಡುವುದು ನನ್ನ ಕೆಲಸವಾಗಿತ್ತು.

“ಸಾಹೇಬರಿಗೆ ನೀನ ಹೇಳು. ನಾ ಹೇಳಿದ್ರ ಚಾಡಿ ಹೇಳಿದಂಗ ಆಗತೈತಿ,” ಎಂದು ಎದ್ದುಹೋದರು.

ಹೇಳಿದೆ. ಎರಡು ಭಾಷೆಗಳ ನಡುವೆ ಹೊಂದಾಣಿಕೆ ತಪ್ಪಿತ್ತು, ಈಗ ಸರಿಪಡಿಸಿದ್ದೇವೆ ಎಂದೆ. ಹೊಸಮನಿಯವರು ಗೋದಾಮಿಗೆ ಹೋಗಲಿಲ್ಲ. ಆದರೆ ಅವರ ನಿವೃತ್ತಿಯ ದಿನ ಮ್ಯಾನೇಜರು ಹಾರ ಹಾಕಿ, ಇವರ ಫೋರ್ಟ್ರಾನ್ ಒಮ್ಮೆ ಒಳ್ಳೆಯ ಕೆಟಲನ್ನೇ ಬಿಚ್ಚಿಸಿತ್ತು ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಹೊಸಮನಿಯವರು ನನ್ನ ಕಡೆ ಒಮ್ಮೆ ನೋಡಿ, ತಾವೂ ನಕ್ಕರು. ನಾನು ತಲೆ ತಗ್ಗಿಸಿ ಸಮೋಸಾ ತಿನ್ನುತ್ತಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ತೀರಿಕೊಂಡು ವರ್ಷಗಳಾದವು. ಈ ಕತೆಯನ್ನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ, ಪ್ರತಿ ಸಲವೂ ‘ಒಂದು ತಪ್ಪಾಗಿತ್ತು’ ಎಂದೇ. ಇವತ್ತು ಬರೆಯಲು ಕೂತಾಗಲೂ ಮೊದಲು ಹಾಗೆಯೇ ಬರೆದಿದ್ದೆ. ಹೊಡೆದುಹಾಕಿದೆ. ತಪ್ಪು ಮಾಡಿದವಳು ನಾನು. ಹೊಸಮನಿಯವರ ಪ್ರೋಗ್ರಾಮು ಸರಿಯಾಗಿತ್ತು.